ನೆಟ್ಟಗೆ ನಿಂತ್ರೆ ಫೋಟೋ ಬರಲ್ಲ ಕಣೇ...

'ಬೂಡ್ವಾರ್' ಅನ್ನೋ ಪದ ಎಲ್ಲಿಂದ ಬಂತು ಗೊತ್ತಾ? ಫ್ರೆಂಚಿನಲ್ಲಿ 'ಬುದೆ' ಅಂದ್ರೆ ಮುನಿಸಿಕೊಳ್ಳೋದು, ಮುಖ ಊದಿಸಿಕೊಳ್ಳೋದು. ಮುನಿಸಿಕೊಂಡ ಹೆಂಗಸು ಬಾಗಿಲು ಹಾಕ್ಕೊಂಡು ಕೂರೋ ಕೋಣೆಯೇ ಬೂಡ್ವಾರ್. ನಮ್ಮ ಕೈಕೇಯಿಯ ಕೋಪಗೃಹ ಇದ್ದ ಹಾಗೆ! ಆಮೇಲೆ ಅದು ಹೆಂಗಸಿನ ಖಾಸಗಿ ಕೋಣೆಯ ಹೆಸರಾಯ್ತು. ಈಗ ಅಂಥ ಕೋಣೆಯಲ್ಲಿ, ಕಡಿಮೆ ಬಟ್ಟೆಯಲ್ಲಿ, ನಾಜೂಕಾಗಿ ತೆಗೆಸಿಕೊಳ್ಳೋ ಫೋಟೋಗಳಿಗೆ ಬೂಡ್ವಾರ್ ಅಂತಾರೆ.

ನಾನು ವಾರವೆಲ್ಲ ಕೋಡ್ ಬರೆದು, ಶನಿವಾರ ಬಂದ್ರೆ ಕ್ಯಾಮೆರಾ ನೇತುಹಾಕ್ಕೊಂಡು ಹಕ್ಕಿ, ಜಾತ್ರೆ ಅಂತ ಸುತ್ತೋಳು. ಈ ಥರದ ಫೋಟೋ ತೆಗೀಬಹುದು ಅಂತ ಕನಸಲ್ಲೂ ಅಂದ್ಕೊಂಡಿರಲಿಲ್ಲ. ಕೇಳಿದ್ದು ದೊಡ್ಡಮ್ಮನ ಮಗಳು. ಅಕ್ಕನಿಗೆ 34, ಮಗೂಗೆ 2 ವರ್ಷ, ಸಿಸೇರಿಯನ್. "ಈ ಹೊಟ್ಟೆ ನಂದು ಅಂತಾನೇ ಅನ್ಸಲ್ಲ ಕಣೇ. ಸ್ನಾನಕ್ಕೆ ಹೋದ್ರೆ ಕನ್ನಡಿಗೆ ಬೆನ್ನು ಮಾಡಿ ನಿಲ್ತೀನಿ. ಒಂದ್ಸಲ ಚೆನ್ನಾಗಿ ಫೋಟೋ ತೆಗಿ, ನೋಡ್ಬೇಕು" ಅಂದ್ಲು. ಭಾವನಿಗೆ ತೋರಿಸೋಕಾ ಅಂದ್ರೆ, ಅಲ್ಲ, ನನಗೇ ಅಂದ್ಲು. (ಇಷ್ಟು ಬರೆಯೋಕೆ ಅವಳ ಒಪ್ಪಿಗೆ ತಗೊಂಡಿದೀನಿ. ಹೆಸರು ಮಾತ್ರ ಕೇಳ್ಬೇಡಿ :-))

ಮಗು ಅಜ್ಜಿ ಮನೇಲಿ. ಅಕ್ಕ ಭಾವನ ಬಿಳಿ ಶರ್ಟ್ ಹಾಕ್ಕೊಂಡು ಮಂಚದ ಪಕ್ಕ ಬಂದು ನಿಂತ್ಲು. ಥೇಟ್ ಆಧಾರ್ ಕಾರ್ಡ್ ಫೋಟೋ! ಕಾಲು ಎರಡೂ ಜೋಡಿಸಿ, ಭುಜ ಮುದುರಿ, ಎರಡು ಕೈಯಲ್ಲೂ ಹೊಟ್ಟೆ ಮುಚ್ಚಿಕೊಂಡು. ಅವಳನ್ನೇನು ಅನ್ನೋದು? ಚಿಕ್ಕಂದಿನಿಂದ ನಮಗೆ ಕಲಿಸಿರೋ ಭಂಗಿ ಅದೊಂದೇ. ಕಾಲು ಜೋಡಿಸಿ ಕೂತ್ಕೋ, ಬಗ್ಗಿ ನಡಿ, ವೇಲ್ ಸರಿ ಮಾಡ್ಕೋ. ಇಪ್ಪತ್ತು ವರ್ಷ ಇದನ್ನೇ ಕೇಳಿದ ಮೈಗೆ ಒಂದು ಗಂಟೆಯಲ್ಲಿ ಬೇರೆ ಏನು ಹೇಳಿಕೊಡೋದು?

ಹಾಸನದ ಕಡೆಯವಳಾದ ನನಗೆ ಹೊಳೆದಿದ್ದು ಬೇಲೂರು. ಸ್ಕೂಲ್ ಟೂರಲ್ಲಿ ಅಲ್ಲಿಗೆ ಹೋಗದ ಮಕ್ಕಳು ನಮ್ಮ ಕಡೆ ಇಲ್ಲ. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಚೆನ್ನಕೇಶವ ದೇವಸ್ಥಾನದ ಮದನಿಕೆಯರನ್ನ ನೆನಪಿಸಿಕೊಳ್ಳಿ, ಅಟೆನ್ಷನ್‌ನಲ್ಲಿ ನಿಂತೋರು ಯಾರಾದ್ರೂ ಇದಾರಾ? ಕುತ್ತಿಗೆ, ಸೊಂಟ, ಮಂಡಿ ಮೂರು ಕಡೆ ಬಳುಕಿದ್ರೆ ಅದು ತ್ರಿಭಂಗ. ದರ್ಪಣಸುಂದರಿಯ ಫೋಟೋ ಫೋನಲ್ಲೇ ಇತ್ತು, ತೋರಿಸಿದೆ. ಅಕ್ಕ ನಗ್ತಾ ನಗ್ತಾ ಅವಳ ಹಾಗೆ ನಿಂತು ನೋಡಿದ್ಲು.

ಇದರ ಗುಟ್ಟು ಸಿಂಪಲ್. ಮೈಭಾರ ಪೂರ್ತಿ ಒಂದೇ ಕಾಲಿಗೆ ಬಿಡಬೇಕು. ಆಗ ಆ ಕಡೆಯ ಸೊಂಟ ಮೇಲೇರುತ್ತೆ, ಇನ್ನೊಂದು ಮಂಡಿ ತಾನಾಗಿ ಮಡಚುತ್ತೆ, ಬ್ಯಾಲೆನ್ಸಿಗೆ ಭುಜ ಎದುರು ದಿಕ್ಕಿಗೆ ವಾಲುತ್ತೆ. ತೋಳು ಮೈಗೆ ಅಂಟಿದ್ರೆ ಚಪ್ಪಟೆಯಾಗಿ ದಪ್ಪ ಕಾಣುತ್ತೆ, ಆದ್ದರಿಂದ ತೋಳಿಗೂ ಸೊಂಟಕ್ಕೂ ನಡುವೆ ಒಂದು ಚೂರು ಬೆಳಕು ಕಾಣಬೇಕು. ಗಲ್ಲ ಒಳಗೆ ಎಳ್ಕೊಂಡ್ರೆ ಎರಡು ಗಲ್ಲ. ಆಮೆ ತಲೆ ಹೊರಗೆ ಹಾಕೋ ಥರ ಮುಂದೆ ತಂದು ಸ್ವಲ್ಪ ಇಳಿಸಬೇಕು. ಮಾಡುವಾಗ ಪೆದ್ದುಪೆದ್ದಾಗಿ ಅನ್ಸುತ್ತೆ, ಫೋಟೋದಲ್ಲಿ ಮಾತ್ರ ಚೆಂದ. ಬೆರಳುಗಳು ಮೈಯನ್ನ ಒತ್ತಬಾರದು, ಸುಮ್ನೆ ಮುಟ್ಟಬೇಕು ಅಷ್ಟೆ. ಇನ್ನು ಉಸಿರು! ಹೊಟ್ಟೆ ಎಕ್ಕಿ ಉಸಿರು ಹಿಡ್ಕೊಂಡ್ರೆ ಕುತ್ತಿಗೆ ನರ ಎಲ್ಲ ಬಿಗಿಯುತ್ತೆ. ಉಸಿರು ಬಿಡು ಅಂತ ಹೇಳಿ, ಬಿಡ್ತಿರೋವಾಗಲೇ ಕ್ಲಿಕ್ ಮಾಡಬೇಕು. ಬಿಗಿಯಾದ ಎಲಾಸ್ಟಿಕ್ ಬಟ್ಟೆ ಒಂದು ಗಂಟೆ ಮುಂಚೆಯೇ ಬಿಚ್ಚಿಟ್ಟಿರಬೇಕು, ಇಲ್ಲಾಂದ್ರೆ ಸೊಂಟದ ಸುತ್ತ ಗೆರೆ ಉಳಿಯುತ್ತೆ. ಇದನ್ನ ಗಂಡಸರು ಬರೆದ ಟಿಪ್ಸಲ್ಲಿ ನಾನಂತೂ ನೋಡಿಲ್ಲ.

ಟ್ಯೂಬ್‌ಲೈಟ್ ಆರಿಸಿದ್ವಿ. ಕಿಟಕಿಗೆ ಬಿಳಿ ಪಂಚೆ ಕಟ್ಟಿದ್ರೆ ಬೆಳಕು ಮೆತ್ತಗೆ ಪಕ್ಕದಿಂದ ಬೀಳುತ್ತೆ. ಫೋನ್ ಬೇಡ ಅಂತ 50 ಎಂಎಂ ಲೆನ್ಸ್ ಹಾಕಿದ್ದೆ. ಫೋನನ್ನ ತೀರಾ ಹತ್ತಿರ ಹಿಡಿದ್ರೆ ಯಾವುದು ಹತ್ತಿರ ಇದೆಯೋ ಅದೇ ದೊಡ್ಡದಾಗಿ ಕಾಣುತ್ತೆ. ಮಲಗಿದವಳ ಪಾದ ಆನೆಪಾದ ಆಗೋದು ಹಾಗೆ.

ಇಷ್ಟೆಲ್ಲ ಹೇಳಿದ್ರೂ ಅಕ್ಕ ಲೆನ್ಸ್ ನೋಡಿದ ತಕ್ಷಣ ಮತ್ತೆ ಮುದುರೋಳು. ಕೊನೆಗೆ ದರ್ಪಣಸುಂದರಿಯೇ ಕಾಪಾಡಿದ್ದು. ಅವಳು ನೋಡೋದು ತನ್ನ ಕನ್ನಡಿಯನ್ನ, ನಮ್ಮನ್ನಲ್ಲ. ಬೀರುವಿನ ಕನ್ನಡಿ ಎದುರು ಅಕ್ಕನನ್ನ ನಿಲ್ಲಿಸಿ, ನಾನು ಪಕ್ಕಕ್ಕೆ ಸರಿದು, "ನಿನಗೆ ಹೇಗೆ ಬೇಕೋ ಹಾಗೆ ನಿಂತ್ಕೋ, ನಾನಿಲ್ಲ ಅಂದ್ಕೋ" ಅಂದೆ.

ಇದೇನು ಹೊಸದಲ್ಲ ಬಿಡಿ. ಪ್ಯಾರಿಸಿನಲ್ಲಿ ವರ್ಜೀನಿಯಾ ಓಲ್ದೋಯಿನಿ ಅಂತ ಒಬ್ಬಳಿದ್ಲು, ಕಾಸ್ತಿಲ್ಯೋನೆಯ ಕೌಂಟೆಸ್. 1856ರಿಂದ ಶುರುಮಾಡಿ, ಬಿಟ್ಟು ಬಿಟ್ಟು ಸುಮಾರು 40 ವರ್ಷ ಪಿಯರ್ಸನ್ ಅನ್ನೋ ಫೋಟೋಗ್ರಾಫರ್ ಹತ್ರ 400ಕ್ಕೂ ಹೆಚ್ಚು ಫೋಟೋ ತೆಗೆಸಿಕೊಂಡ್ಲು. ಬರಿಗಾಲಿನದ್ದು ಕೂಡ, ಆ ಕಾಲದಲ್ಲಿ! ಬಟ್ಟೆ, ಭಂಗಿ, ಕ್ಯಾಮೆರಾ ಕೋನ ಎಲ್ಲ ಅವಳೇ ಹೇಳೋಳು. ಶಟರ್ ಮಾತ್ರ ಅವನ ಕೈಲಿ.

ಅಕ್ಕ ತುಂಬ ಹೊತ್ತು ಕನ್ನಡಿ ನೋಡ್ತಾ ನಿಂತಿದ್ಲು. ಆಮೇಲೆ ಶರ್ಟಿನ ಕೆಳಗಿನ ಗುಂಡಿ ಬಿಚ್ಚಿ, ಹೊಲಿಗೆ ಗುರುತಿನ ಮೇಲೆ ಬೆರಳಾಡಿಸಿದ್ಲು. ಮೆಲ್ಲಗೆ, ಎಡದಿಂದ ಬಲಕ್ಕೆ. ಭಾರ ಒಂದೇ ಕಾಲಿನ ಮೇಲಿತ್ತು. ನಾನು ಹೇಳಿರಲಿಲ್ಲ. ಎರಡೇ ಕ್ಲಿಕ್ ಮಾಡಿದೆ.

ಸ್ಟುಡಿಯೋ ಬೇಡ ಅಂದಿದ್ದಕ್ಕೆ ಅವಳ ಕಾರಣ ಬೇರೆಯೇ ಇತ್ತು: "ಆಮೇಲೆ ಆ ಫೋಟೋ ಎಲ್ಲಿರುತ್ತೆ?" ತೆಗೆಯೋಕೆ ಒಪ್ಪಿದ್ರೂ, ಹಂಚೋಕೆ ಒಪ್ಪದ ಇಂಥ ಫೋಟೋವನ್ನ ಹಂಚೋದು ಅಪರಾಧ ಅಂತ ಭಾರತೀಯ ನ್ಯಾಯ ಸಂಹಿತೆಯ 77ನೇ ಸೆಕ್ಷನ್ ಹೇಳುತ್ತೆ. ಸರಿ, ಆದ್ರೆ ಹರಿದಾಡಿದ ಮೇಲೆ ಕೋರ್ಟಿಗೆ ಅಲೆಯೋದು ಯಾರು? ಮೆಮೊರಿ ಕಾರ್ಡಲ್ಲಿ ಡಿಲೀಟ್ ಒತ್ತಿದ್ರೂ ಫೋಟೋ ಸಾಮಾನ್ಯವಾಗಿ ಅಲ್ಲೇ ಇರುತ್ತೆ. ಅದರ ಮೇಲೆ ಬೇರೇನಾದ್ರೂ ಬರೆಯೋ ತನಕ ರಿಕವರಿ ಸಾಫ್ಟ್‌ವೇರ್ ಎಬ್ಬಿಸಿಕೊಂಡು ಬರುತ್ತೆ. ಫೋನಾದ್ರೆ ಕೇಳೋದೇ ಬೇಡ, ಬ್ಯಾಕಪ್ ಆನ್ ಇದ್ರೆ ನಾವು ಲೈಟ್ ಹಾಕೋದ್ರೊಳಗೆ ಕ್ಲೌಡ್ ಸೇರಿರುತ್ತೆ. ಅದಕ್ಕೇ ಹೊಸ ಕಾರ್ಡ್ ತಂದಿದ್ದೆ. ವೈಫೈ ಆರಿಸಿ, ಲ್ಯಾಪ್‌ಟಾಪಿಗೆ ಕಾಪಿ ಮಾಡದೆ ಕಾರ್ಡಿಂದಲೇ ತೋರಿಸಿದೆ.

ಹೆಚ್ಚಿನವನ್ನ "ಥೂ" ಅಂತ ದಾಟಿಸಿದ್ಲು. ಆ ಎರಡು ಬಂದಾಗ ಮಾತಾಡಲಿಲ್ಲ. ಮೌಸ್ ನನ್ನ ಕೈಯಿಂದ ತಗೊಂಡು ಝೂಮ್ ಮಾಡಿ ಮಾಡಿ ನೋಡಿದ್ಲು. "ಇದು ನಾನೇ ಅಲ್ವೇನೇ?" ಅಂದ್ಲು.

ಕಾರ್ಡ್ ತೆಗೆದು ಅವಳ ಕೈಗೇ ಕೊಟ್ಟೆ. ಬೀರುವಿನಲ್ಲಿ ಧಾರೆ ಸೀರೆ ಮಡಿಕೆಯೊಳಗೆ ಇಟ್ಟಿದಾಳಂತೆ.