ಬಾಡಿಗೆ ಮುಗಿಸಿದ ಕಾರು

ಹಳೆಯ ಕಾರು ಇಟ್ಟುಕೊಂಡವರಲ್ಲಿ ಎರಡು ಪಂಗಡ. ಭಾನುವಾರ ಬೆಳಗ್ಗೆ ಹೊದಿಕೆ ಸರಿಸಿ, ಒರೆಸಿ, ಕಬ್ಬನ್ ಪಾರ್ಕಿನ ತನಕ ಓಡಿಸಿ, ನಾಲ್ಕು ಫೋಟೊ ತೆಗೆದು ಮತ್ತೆ ಹೊದಿಕೆ ಎಳೆಯುವವರು ಒಂದು ಕಡೆ. ಅದರಲ್ಲೇ ಮಕ್ಕಳನ್ನು ಶಾಲೆಗೆ ಬಿಟ್ಟು, ಗ್ಯಾಸ್ ಸಿಲಿಂಡರ್ ಹಾಕಿಕೊಂಡು ಬರುವವರು ಇನ್ನೊಂದು ಕಡೆ. ನಾನು ಎರಡನೆಯವರ ಪೈಕಿ. ನಾನಿರುವ ಬೆಂಗಳೂರಿನ ಹೂಡಿಯಲ್ಲಿ ನಮ್ಮ ಪಂಗಡಕ್ಕೆ ಬಲ ಕಡಿಮೆ.

ನನ್ನದು 1992ರ ಡೀಸೆಲ್ ಅಂಬಾಸಿಡರ್. ಬದಿಯಡ್ಕದ ಸ್ಟ್ಯಾಂಡಿನಲ್ಲಿ ಸೋದರಮಾವ ಅದನ್ನು ಬಾಡಿಗೆಗೆ ಓಡಿಸುತ್ತಿದ್ದರು. ಕಪ್ಪು ಮೈ, ಹಳದಿ ತಲೆ; ಕೇರಳದ ಟ್ಯಾಕ್ಸಿಗಳಿಗೆಲ್ಲ ಆಗ ಅದೇ ಬಣ್ಣ. ಕಾಸರಗೋಡಿನ ಒಳನಾಡಿನಲ್ಲಿ ಕೊನೆಯ ಬಸ್ಸು ಹೋದ ಮೇಲೆ ಊರಿಗೆ ಉಳಿಯುತ್ತಿದ್ದದ್ದು ಇಂಥ ಮೂರು ನಾಲ್ಕು ಕಾರುಗಳು. ದಿಬ್ಬಣಕ್ಕೂ ಅದೇ, ಅಡಿಕೆ ಮೂಟೆಗೂ ಅದೇ, ಹೆರಿಗೆ ನೋವಿಗೂ ಅದೇ. ಎದುರಿನ ಸೀಟು ಉದ್ದದ್ದು, ಗೇರು ಸ್ಟೇರಿಂಗಿನ ಬುಡದಲ್ಲಿ. ಹಾಗಾಗಿ ಮಾವನ ಎಡಕ್ಕೆ ಇಬ್ಬರು ಕೂತು, ಬಲಕ್ಕೂ ಒಬ್ಬ ತೂರಿಕೊಳ್ಳುತ್ತಿದ್ದ. ಅಷ್ಟು ಜನರ ನಡುವೆ ಅವರು ಗೇರು ಹೇಗೆ ಹಾಕುತ್ತಿದ್ದರೋ ಮಧೂರಿನ ಗಣಪತಿಗೇ ಗೊತ್ತು. ಅವನ ಸ್ಟಿಕ್ಕರು ಇವತ್ತಿಗೂ ಡ್ಯಾಶ್‌ಬೋರ್ಡಿನ ಮೇಲಿದೆ.

ದೊಡ್ಡ ಕಾಯಿಲೆ ಬಂದರೆ ಆ ಕಡೆಯವರಿಗೆ ಮಂಗಳೂರೇ ಗತಿ. 2020ರ ಮಾರ್ಚಿನಲ್ಲಿ ಕೋವಿಡ್ ಕಾರಣಕ್ಕೆ ಕರ್ನಾಟಕವು ತಲಪಾಡಿಯಲ್ಲಿ ಗಡಿ ಮುಚ್ಚಿ, ರೋಗಿಗಳ ವಾಹನವೂ ದಾಟಲಾಗದೆ ವಿಷಯ ಸುಪ್ರೀಂ ಕೋರ್ಟಿಗೆ ಹೋದಾಗ, ಅಷ್ಟರಲ್ಲಾಗಲೇ ಬಾಡಿಗೆ ನಿಲ್ಲಿಸಿದ್ದ ಮಾವ ಟಿವಿ ಮುಂದೆ ಕೂತು ಚಡಪಡಿಸಿದ್ದರಂತೆ. "ರಾತ್ರಿ ಎರಡು ಗಂಟೆಗೂ ಒಂದು ಮಾತು ಕೇಳದೆ ದಾಟಿದ ಜಾಗ ಮಾರಾಯ ಅದು" ಎಂದು ಫೋನಿನಲ್ಲಿ ನನಗೆ ಹೇಳಿದ್ದರು. ಅವರ ಕಣ್ಣು ಮಂಜಾಗಿತ್ತು, ಸ್ಟ್ಯಾಂಡನ್ನು ಆಟೊಗಳೂ ಓಮ್ನಿಗಳೂ ಹಿಡಿದಿದ್ದವು. ಕಾರು ಅಡಿಕೆ ಅಂಗಳದ ಬದಿಯ ಶೆಡ್ಡಿನಲ್ಲಿತ್ತು. "ಬೇಕಾದ್ರೆ ತೆಗೊಂಡು ಹೋಗು. ಚಂದಕ್ಕೆ ನಿಲ್ಲಿಸುದಾದ್ರೆ ಇಲ್ಲೇ ಇರ್ಲಿ" ಎಂದರು.

ಟ್ಯಾಕ್ಸಿಯನ್ನು ಸ್ವಂತದ ಕಾರು ಮಾಡುವುದು ಬರೀ ಹಳದಿ ಬೋರ್ಡು ಕಿತ್ತು ಬಿಳಿ ಬೋರ್ಡು ಹಾಕುವ ಕೆಲಸವಲ್ಲ. ಪರ್ಮಿಟ್ ಒಪ್ಪಿಸಬೇಕು, ತೆರಿಗೆ ಬಾಕಿ ಇರಬಾರದು, ಇನ್ಶೂರೆನ್ಸ್ ಬದಲಾಗಬೇಕು. ಇನ್ನೊಂದು ರಾಜ್ಯಕ್ಕೆ ತರುವುದಾದರೆ ಅಲ್ಲಿಂದ ಎನ್‌ಒಸಿ, ಇಲ್ಲಿ ಆಜೀವ ತೆರಿಗೆ, ಹೊಸ ನಂಬರು. ಕೆಎಲ್ 14 ಹೋಗಿ ಕೆಆರ್ ಪುರದ ಕೆಎ 53 ಬಂತು. ತಲೆಯ ಹಳದಿಯನ್ನೂ ಬಿಟ್ಟುಕೊಡಬೇಕಾಯಿತು. ಖಾಸಗಿ ಕಾರು ಟ್ಯಾಕ್ಸಿಯ ವೇಷದಲ್ಲಿ ತಿರುಗುವ ಹಾಗಿಲ್ಲ. ಬಾಗಿಲು ತೆರೆದರೆ ರಬ್ಬರಿನ ಸಂದಿಯಲ್ಲಿ ಹಳೆಯ ಹಳದಿ ಇನ್ನೂ ಕಾಣುತ್ತದೆ. ಪೇಂಟರು ಅದನ್ನೂ ಮುಚ್ಚಲು ಬಂದಿದ್ದ, ಬೇಡವೆಂದೆ.

ಇದು ನನ್ನೊಬ್ಬನ ಹುಚ್ಚಲ್ಲ. 1958ರಿಂದ 1997ರವರೆಗೆ ತಯಾರಾದ ಎಫ್‌ಎಕ್ಸ್ 4 ಎಂಬ ಲಂಡನ್ನಿನ ಕರಿ ಟ್ಯಾಕ್ಸಿಗಳನ್ನು ನಿವೃತ್ತಿಯಾದ ಮೇಲೆ ಮನೆಬಳಕೆಗೆ ಕೊಂಡವರು ಬಹಳ. ರಾಣಿ ಎಲಿಜಬೆತ್‌ಳ ಗಂಡ ಫಿಲಿಪ್ ಕೂಡ ಒಂದು ಟ್ಯಾಕ್ಸಿ ಇಟ್ಟುಕೊಂಡು, ಯಾರ ಗಮನಕ್ಕೂ ಬೀಳದೆ ಊರು ಸುತ್ತುತ್ತಿದ್ದರು. ಆ ಕಾರುಗಳ ಮುಂದೆ ನನ್ನದು ಸೋಲುವುದು ತಿರುವಿನಲ್ಲಿ. ಲಂಡನ್ ಟ್ಯಾಕ್ಸಿ 25 ಅಡಿಯಲ್ಲಿ ಗಿರಕ್ಕನೆ ತಿರುಗಬೇಕೆಂಬುದು ಅಲ್ಲಿನ ನಿಯಮ. ಪವರ್ ಸ್ಟೇರಿಂಗ್ ಇಲ್ಲದ ನನ್ನ ಕಾರನ್ನು ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಕಂಬಗಳ ನಡುವೆ ತಿರುಗಿಸುವುದೆಂದರೆ ತೇರಿಗೆ ಗೊದ್ದ ಕೊಟ್ಟು ಬೀದಿ ತಿರುಗಿಸಿದ ಹಾಗೆ. ಸೆಕ್ಯೂರಿಟಿಯವರು ವಿಸಿಲ್ ಊದುತ್ತಾರೆ, ಪಕ್ಕದ ಫ್ಲ್ಯಾಟಿನವರು ಉಸಿರು ಬಿಗಿಹಿಡಿದು ತಮ್ಮ ಕಾರಿನ ಕನ್ನಡಿ ಮಡಚುತ್ತಾರೆ.

ಎಂಜಿನ್ನು 1489 ಸಿಸಿ, ಬಲ ಸುಮಾರು 37 ಅಶ್ವಶಕ್ತಿ. ಈಗಿನ ಎರಡು ಬುಲೆಟ್ ಬೈಕು ಸೇರಿದರೆ ಇದನ್ನು ಹಿಂದೆ ಹಾಕುತ್ತವೆ. ಬೆಳಗ್ಗೆ ಮೊದಲು ಹೀಟರ್ ಹಿಡಿದು, ಆಮೇಲೆ ಸೆಲ್ಫ್ ಹೊಡೆಯಬೇಕು. ಆದರೆ ಗ್ರಾಫೈಟ್ ಇಂಡಿಯಾದಿಂದ ಹೂಡಿ ಸರ್ಕಲ್ಲಿನವರೆಗೆ ಸಂಜೆ ಆರೂವರೆಗೆ ಯಾವ ಕಾರು ತಾನೆ ಓಡುತ್ತದೆ? ನೀರಿನ ಟ್ಯಾಂಕರಿನ ಹಿಂದೆ 40 ಲಕ್ಷದ ಗಾಡಿಯೂ ನನ್ನದೂ ಒಂದೇ ವೇಗ. ಗುಂಡಿಗೆ ಬಿದ್ದರೆ ಅವರು ಮುಖ ಹಿಂಡುತ್ತಾರೆ. ನನ್ನ ಹಿಂದಿನ ಪಟ್ಟಿ ಸ್ಪ್ರಿಂಗು ಬದಿಯಡ್ಕದ ಮಳೆಗಾಲವನ್ನೇ ಕಂಡದ್ದು. ಇಡೀ ಊರು ದಾಟಿ ಮೆಜೆಸ್ಟಿಕ್ಕಿಗೆ ಹೋಗಬೇಕಾದಾಗ ಕಾರನ್ನು ಮುಟ್ಟುವುದಿಲ್ಲ. 2023ರ ಮಾರ್ಚಿನಲ್ಲಿ ಹೂಡಿಗೆ ಮೆಟ್ರೋ ಬಂತು, ಅಕ್ಟೋಬರಿನಲ್ಲಿ ಬೈಯಪ್ಪನಹಳ್ಳಿಯ ಕೊಂಡಿ ಕೂಡಿತು. ರಿಂಗ್ ರೋಡಿನ ವೇಗಕ್ಕೂ ಇಳಿಯುವುದಿಲ್ಲ. ಏರ್‌ಬ್ಯಾಗ್ ಇಲ್ಲದ, ಈಗಿನ ಬ್ರೇಕಿಲ್ಲದ ಕಾರಿನಲ್ಲಿ ಶೌರ್ಯ ತೋರಿಸುವವನು ಮೂರ್ಖ.

ಬಿಡಿಭಾಗಕ್ಕೆ ಜೆಸಿ ರಸ್ತೆ, ಅಲ್ಲಿ ಸಿಗದ್ದಕ್ಕೆ ಶಿವಾಜಿನಗರದ ಗುಜರಿ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಅಚ್ಚನ್ನೇ ತಂದು, 1957ರಿಂದ 2014ರವರೆಗೆ ಉತ್ತರಪಾರಾದಲ್ಲಿ ಹೆಚ್ಚುಕಡಿಮೆ ಅದೇ ಆಕಾರದಲ್ಲಿ ಎರಕ ಹೊಯ್ದ ಕಂಪೆನಿಯನ್ನು ಬಯ್ಯುವವರಿದ್ದಾರೆ, ಸರಿಯಾಗಿಯೇ ಬಯ್ಯುತ್ತಾರೆ. ಪೈಪೋಟಿ ಇಲ್ಲದ ಕಾಲದ ಸೋಮಾರಿತನ ಅದು. ಆದರೆ ಆ ಸೋಮಾರಿತನದಿಂದಲೇ ಒಂದು ದಶಕದ ಬಾಗಿಲು ಇನ್ನೊಂದು ದಶಕದ ಕಾರಿಗೆ ಕೂರುತ್ತದೆ. ಅದರ ಲಾಭ ಉಣ್ಣುತ್ತಿರುವವನು ನಾನು.

ಉಬರ್ ಭಾರತಕ್ಕೆ ಕಾಲಿಟ್ಟದ್ದು 2013ರಲ್ಲಿ, ನಮ್ಮ ಬೆಂಗಳೂರಿಗೇ. ಅದೇ ವರ್ಷ ಬಿಬಿಸಿಯ ಟಾಪ್ ಗೇರ್ ಕಾರ್ಯಕ್ರಮದವರು ನಾನಾ ದೇಶದ ಟ್ಯಾಕ್ಸಿಗಳನ್ನು ಜಿದ್ದಿಗೆ ಬಿಟ್ಟು, ಅಂಬಾಸಿಡರನ್ನೇ ಗೆದ್ದದ್ದೆಂದು ಸಾರಿದರು. ಮರುವರ್ಷ ಮೇ ತಿಂಗಳಲ್ಲಿ ಕಾರ್ಖಾನೆ ಮುಚ್ಚಿತು. 2017ರಲ್ಲಿ ಬರೀ ಹೆಸರು 80 ಕೋಟಿ ರೂಪಾಯಿಗೆ ಫ್ರಾನ್ಸಿನ ಪೂಜೊ ಕಂಪೆನಿಗೆ ಮಾರಾಟವಾಯಿತು.

ಈ ಕಾರಿನ ನಿಜವಾದ ಅಭಿಮಾನಿಗಳು ಇಲ್ಲಿನ ಕ್ಯಾಬ್ ಡ್ರೈವರುಗಳು. ಐಟಿಪಿಎಲ್ ರಸ್ತೆಯ ಬದಿಯಲ್ಲಿ ಎಟಿಯೋಸ್, ಡಿಸೈರ್ ನಿಲ್ಲಿಸಿ ಮೊಬೈಲಿನಲ್ಲಿ ಡ್ಯೂಟಿ ಕಾಯುವ ಹುಡುಗರು ಇದನ್ನು ಕಂಡರೆ ಎದ್ದು ಬರುತ್ತಾರೆ. "ನಮ್ ದೊಡ್ಡಪ್ಪಂದೂ ಒಂದಿತ್ತು ಸಾರ್, ಮಳವಳ್ಳಿ ಸ್ಟ್ಯಾಂಡಲ್ಲಿ. ಹುಟ್ಟಿದಾಗ ನನ್ನ ಆಸ್ಪತ್ರೆಯಿಂದ ತಂದಿದ್ದೇ ಅದ್ರಲ್ಲಂತೆ" ಎಂದ ಒಬ್ಬ, ಬಾನೆಟ್ಟಿನ ಮೇಲೆ ಕೈಯಿಟ್ಟು. ತನ್ನ ಕಾರಿನ ಮೇಲೆ ಅವನು ಹಾಗೆ ಕೈಯಿಡುವುದನ್ನು ನಾನು ನೋಡಿಲ್ಲ. ಅದಕ್ಕಿನ್ನೂ ಕಂತು ಮುಗಿದಿಲ್ಲ. ಮಾವನಿಗೆ ಸ್ಟ್ಯಾಂಡಿನಲ್ಲಿ ಸರದಿ ಇತ್ತು, ಬಾಕಿ ಬರೆದಿಡುವ ಚೀಟಿ ಇತ್ತು, ಯಾರ ಮನೆಯ ತಿರುವಿನಲ್ಲಿ ಯಾವ ನಾಯಿ ಅಟ್ಟಿಸಿಕೊಂಡು ಬರುತ್ತದೆಂಬ ತಿಳಿವಳಿಕೆಯೂ ಇತ್ತು. ಈ ಹುಡುಗನಿಗೆ ಇರುವುದು ನಕ್ಷತ್ರಗಳ ರೇಟಿಂಗು. ಮಾವನ ಸಂಪಾದನೆ ಹೆಚ್ಚಿತ್ತೆಂದು ನಾನು ಹೇಳಲಾರೆ. ಹೆಸರಿತ್ತು, ಅಷ್ಟೆ.

ಟ್ಯಾಕ್ಸಿಯಾಗಿದ್ದ ಕಾರನ್ನೇ ದಿನಬಳಕೆಗೆ ಇಟ್ಟುಕೊಳ್ಳಬೇಕೆಂದು ನಾನು ವಾದಿಸುವುದು ಇದಕ್ಕೇ. ಯಾವೊಬ್ಬ ಯಜಮಾನನೂ ಮುದ್ದು ಮಾಡಿ ಸಾಕಿದ ಕಾರಲ್ಲ ಅದು. ಅದನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟರೆ ಅದರ ಅರ್ಧ ಚರಿತ್ರೆ ಸುಳ್ಳಾಗುತ್ತದೆ. ಕಾನೂನಿನ ಎಣಿಕೆ ಬೇರೆ. 2021ರ ನಿಯಮದ ಪ್ರಕಾರ 50 ವರ್ಷ ದಾಟಿ, ಮೂಲರೂಪದಲ್ಲೇ ಉಳಿದ ಖಾಸಗಿ ವಾಹನಕ್ಕೆ ವಿಂಟೇಜ್ ಎಂಬ ನೋಂದಣಿ ಸಿಗುತ್ತದೆ. ಸಿಕ್ಕ ಮೇಲೆ ಅದನ್ನು ದಿನನಿತ್ಯ ಓಡಿಸುವಂತಿಲ್ಲ. ನನ್ನದಕ್ಕೆ 50 ತುಂಬುವುದು 2042ರಲ್ಲಿ. ಆ ಪದವಿ ನಮಗೆ ಬೇಡ. ಅಲ್ಲಿಯವರೆಗೆ ಐದೈದು ವರ್ಷಕ್ಕೊಮ್ಮೆ ಎಫ್‌ಸಿ ಮಾಡಿಸಬೇಕು. 15 ವರ್ಷ ದಾಟಿದ ಕಾರಿನ ಮರುನೋಂದಣಿ ಶುಲ್ಕ 2022ರ ಏಪ್ರಿಲ್‌ನಲ್ಲಿ 600ರಿಂದ 5,000 ರೂಪಾಯಿಗೆ ಏರಿತು. 20 ದಾಟಿದ್ದಕ್ಕೆ 2025ರಲ್ಲಿ 10,000 ಆಯಿತು. ದುಬಾರಿಯೇ, ಆದರೆ ಅನ್ಯಾಯವೆನ್ನಲಾರೆ. ಹಳೆಯ ಡೀಸೆಲ್ಲಿನ ಹೊಗೆ ಹೂಡಿಯ ಗಾಳಿಗೆ ಉಪಕಾರವನ್ನೇನೂ ಮಾಡುವುದಿಲ್ಲ. ಹೊಗೆ ಪರೀಕ್ಷೆಯಲ್ಲಿ ಅದು ಎಷ್ಟು ಸರಿಮಾಡಿದರೂ ಪಾಸಾಗದಿದ್ದರೆ ನೋಂದಾಯಿತ ಗುಜರಿ ಕೇಂದ್ರಕ್ಕೆ ಕೊಟ್ಟುಬಿಡುವುದೆಂದು ಮನೆಯಲ್ಲಿ ಮಾತಾಗಿದೆ.

ಕರಾವಳಿಯ ಕಡೆಯ ಹಳೆಯ ಟ್ಯಾಕ್ಸಿ ಕೊಳ್ಳುವ ಆಸೆ ನಿಮಗೂ ಇದ್ದರೆ ಎಂಜಿನ್ನಿನ ಸದ್ದು ಆಮೇಲೆ ಕೇಳಿ. ಮೊದಲು ಮ್ಯಾಟ್ ಎತ್ತಿ, ಕಾಲಡಿಯ ತಗಡನ್ನು ಸ್ಕ್ರೂಡ್ರೈವರಿನಿಂದ ಕುಟ್ಟಿ ನೋಡಿ. ಅಂಬಾಸಿಡರಿಗೆ ಬೇರೆ ಚಾಸಿ ಇಲ್ಲ, ತಳವೂ ಮೈಯೂ ಒಂದೇ. ಎಂಜಿನ್ ಹೋದರೆ ಶಿವಾಜಿನಗರದಲ್ಲಿ ಇನ್ನೊಂದು ಸಿಗುತ್ತದೆ. ತಳ ತುಕ್ಕು ಹಿಡಿದಿದ್ದರೆ ಆ ಕಾರು ಬೇಡ.