ಜಾತ್ರೆಗೆ ಕಟ್ಟಿದ ಏಳು ದಿನದ ಬುತ್ತಿ

ಸಂಕ್ರಾಂತಿಯ ಆಸುಪಾಸಿನಲ್ಲಿ ಚುಂಚನಕಟ್ಟೆಗೆ ಹೋದವರನ್ನು ಜಲಪಾತಕ್ಕಿಂತ ಮೊದಲು ಎದುರುಗೊಳ್ಳುವುದು ಎತ್ತುಗಳು. ರಸ್ತೆಯ ಬದಿಯಲ್ಲಿ, ಮರಗಳ ನೆರಳಿನಲ್ಲಿ, ಕುಯಿಲಾದ ಬಯಲಿನಲ್ಲಿ ಸಾಲುಸಾಲಾಗಿ ಕಟ್ಟಿದ ಹಳ್ಳಿಕಾರ್ ಜೋಡಿಗಳು. ಹಲ್ಲು ಎಣಿಸುವವರು, ಸುಳಿ ನೋಡುವವರು, ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸುವವರು. ಹುಲ್ಲು, ಸಗಣಿ, ಬೆಲ್ಲದ ಮಿಠಾಯಿ, ಸೌದೆ ಹೊಗೆ ಎಲ್ಲವೂ ಬೆರೆತ ಒಂದು ವಾಸನೆ. ನನ್ನ ಮಟ್ಟಿಗೆ ಅದೇ ಬಾಲ್ಯದ ವಾಸನೆ.

ಕಳೆದ ಜನವರಿಯಲ್ಲಿ ಈ ಜಾತ್ರೆಗೆ ಮಗಳನ್ನು ಕರೆದುಕೊಂಡು ಹೋಗಿದ್ದೆ. ಎತ್ತು ಕೊಳ್ಳುವುದಕ್ಕಲ್ಲ. ಕಾರಣ ಬೇರೆಯೇ ಇತ್ತು.

ನನ್ನ ಮಗಳು ಪಿಯುಸಿ ವಿದ್ಯಾರ್ಥಿನಿ, ಹಾಸ್ಟೆಲಿನಲ್ಲಿದ್ದಾಳೆ. ನವೆಂಬರಿನಲ್ಲಿ ಒಂದು ಬೆಳಿಗ್ಗೆ ಪ್ರಯೋಗಾಲಯದಲ್ಲಿ ತಲೆ ಸುತ್ತಿ ಬಿದ್ದಳೆಂದು ಫೋನ್ ಬಂತು. ಓಡಿದೆ. ವೈದ್ಯರು ಎಲ್ಲ ಪರೀಕ್ಷೆ ಮಾಡಿ, ‘ಕಾಯಿಲೆ ಏನಿಲ್ಲ, ಊಟ ಬಿಟ್ಟಿದ್ದಾಳೆ’ ಎಂದರು. ಎರಡು ತಿಂಗಳಿಂದ ಬೆಳಗಿನ ತಿಂಡಿ ಬಂದ್. ರಾತ್ರಿ ಎರಡು ಬಿಸ್ಕತ್ತು, ಒಂದು ಲೋಟ ಟೀ. ತೂಕ ಇಳಿಸಬೇಕಂತೆ! ವಯಸ್ಸು ಮತ್ತು ಎತ್ತರಕ್ಕೆ ಅವಳ ತೂಕ ಸರಿಯಾಗಿಯೇ ಇತ್ತು. ಯಾರು ಹೇಳಿದರು ನಿನಗೆ ದಪ್ಪ ಎಂದು, ಎಂದು ಗದರಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನೀವೇ ಅಪ್ಪಾ. ಗೌರಿ ಹಬ್ಬದಲ್ಲಿ, ಎಲ್ಲರ ಮುಂದೆ’ ಎಂದಳು.

ನನಗೆ ನೆನಪೇ ಇರಲಿಲ್ಲ. ಹಾಸ್ಯಕ್ಕೆ ಅಂದಿದ್ದಿರಬೇಕು. ಹಾಗೆ ಅಂದವನ ತೂಕ ಆಗ 78 ಕಿಲೋ, ಎತ್ತರ 165 ಸೆಂಟಿಮೀಟರ್. ತೂಕವನ್ನು ಮೀಟರಿನಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದರೆ ಸುಮಾರು 28.6. ವಯಸ್ಕ ಭಾರತೀಯರಲ್ಲಿ ಈ ಅಂಕಿ 23 ದಾಟಿದರೆ ಅಧಿಕ ತೂಕ, 25 ದಾಟಿದರೆ ಬೊಜ್ಜು ಎಂದು ವೈದ್ಯರು ಲೆಕ್ಕ ಹಾಕುತ್ತಾರೆ. ಮೂವತ್ತು ವರ್ಷದಿಂದ ಮಕ್ಕಳಿಗೆ ಕ್ಯಾಲರಿ, ಪ್ರೋಟೀನು ಎಂದು ಪಾಠ ಹೇಳುತ್ತಿರುವ ಮೇಷ್ಟ್ರ ಮನೆಯಲ್ಲಿ ಅಪ್ಪ ಅಳತೆಯಿಲ್ಲದೆ ಉಣ್ಣುತ್ತಿದ್ದ, ಮಗಳು ಅಳತೆಯಿಲ್ಲದೆ ಉಪವಾಸವಿದ್ದಳು. ಆಗ ನೆನಪಾದದ್ದು ನನ್ನ ಅಜ್ಜಿ, ಮತ್ತು ಅವಳು ಚುಂಚನಕಟ್ಟೆ ಜಾತ್ರೆಗೆ ಕಟ್ಟಿಕೊಡುತ್ತಿದ್ದ ಬುತ್ತಿ.

ಹನ್ನೆರಡು ಸೇರು ಹಿಟ್ಟು

ನಮ್ಮದು ಹುಣಸೂರು ಕಡೆಯ ಹಳ್ಳಿ. ಹೊಗೆಸೊಪ್ಪು, ರಾಗಿ, ಹುರುಳಿಯ ಸೀಮೆ. 1980ರ ದಶಕದ ಆರಂಭದಲ್ಲಿ, ನಾನು ಹತ್ತು ಹನ್ನೊಂದರ ಹುಡುಗ. ತಾತ, ಅಪ್ಪ, ನಾನು ರಾತ್ರಿ ಗಾಡಿ ಕಟ್ಟಿಕೊಂಡು ಜಾತ್ರೆಗೆ ಹೊರಡುತ್ತಿದ್ದೆವು. ಅಲ್ಲಿ ಒಂದು ವಾರ ಬಯಲಿನಲ್ಲೇ ವಾಸ. ಹೋಟೆಲಿಗೆ ಹೋಗುವಷ್ಟು ಕಾಸು ಯಾರ ಬಳಿಯೂ ಇರುತ್ತಿರಲಿಲ್ಲ.

ಅಜ್ಜಿ ಹಿಂದಿನ ದಿನವೇ ನೆಲದ ಮೇಲೆ ಮೊರ ಇಟ್ಟುಕೊಂಡು ಕೂರುವಳು. ಹನ್ನೆರಡು ಸೇರು ರಾಗಿ ಹಿಟ್ಟು. ಹುರುಳಿ ಮೂರು ಸೇರು. ಒಣಮೆಣಸಿನಕಾಯಿ, ಹುಣಸೆಹಣ್ಣು, ಬೆಳ್ಳುಳ್ಳಿ, ಉಪ್ಪು ಬೇರೆ ಬೇರೆ ಗಂಟು. ಹುಚ್ಚೆಳ್ಳಿನ ಪುಡಿ ಒಂದು ಡಬ್ಬ. ಎಣ್ಣೆ ಒಂದೇ ಒಂದು ಸಣ್ಣ ಸೀಸೆ. ಒಗೆದ ಬಿಳಿ ಬಟ್ಟೆಯ ಚೂರೊಂದು, ಹುರುಳಿ ಮೊಳಕೆ ಕಟ್ಟಲು. ಸೊಪ್ಪು ಮಾತ್ರ ಕಟ್ಟುತ್ತಿರಲಿಲ್ಲ. ‘ಸೊಪ್ಪು ಅಲ್ಲೇ ಸಿಕ್ತದೆ, ಅವತ್ತಿಂದು ಅವತ್ತೇ ತಗಳಿ’ ಎನ್ನುವಳು.

ಇನ್ನೊಂದು ಸೇರು ಹಾಕಜ್ಜೀ ಎಂದು ನಾನು ಕಾಡಿದರೆ, ‘ಹೊಟ್ಟೆ ಕೇಳ್ದಂಗೆ ಹಾಕ್ಬಾರ್ದು ಕಣ್ ಮಗ, ಲೆಕ್ಕ ಕೇಳ್ದಂಗೆ ಹಾಕ್ಬೇಕು’ ಎಂದು ಸೇರಿನ ಬಾಯಿಯನ್ನು ಅಂಗೈಯಲ್ಲಿ ಸವರಿ ಸಮ ಮಾಡುವಳು. ಸೇರು ಹಿಟ್ಟು ಸುಮಾರು ಆರುನೂರು ಗ್ರಾಂ ಎಂದಿಟ್ಟುಕೊಂಡರೆ, ಮೂವರಿಗೆ ಏಳು ದಿನ, ಒಬ್ಬರಿಗೆ ದಿನಕ್ಕೆ ಮುನ್ನೂರನಲವತ್ತು ಗ್ರಾಂ. ನಡೆದು ದುಡಿಯುವ ದೇಹಕ್ಕೆ ಸರಿಯಾದ ಲೆಕ್ಕವೇ. ವಾರದಲ್ಲಿ ಯಾರೂ ಹಸಿದು ಮಲಗಿದ್ದಿಲ್ಲ, ಹಿಟ್ಟು ಉಳಿದು ಮುಗ್ಗಿದ್ದೂ ಇಲ್ಲ.

ಕಟ್ಟೆಯ ಊರು

ಚುಂಚನಕಟ್ಟೆ ಇರುವುದು ಕೃಷ್ಣರಾಜನಗರದಿಂದ ಸುಮಾರು 15 ಕಿ.ಮೀ. ದೂರದಲ್ಲಿ. ಕೊಡಗಿನಿಂದ ಇಳಿದು ಬರುವ ಕಾವೇರಿ ಕನ್ನಂಬಾಡಿಯ ಹಿನ್ನೀರು ಸೇರುವ ಮೊದಲು ಇಲ್ಲಿ ಬಂಡೆಗಳ ನಡುವೆ ಸೀಳಿ ಸುಮಾರು 20 ಮೀಟರ್ ಧುಮುಕುತ್ತಾಳೆ. ಇದಕ್ಕೆ ಧನುಷ್ಕೋಟಿ ಎಂದೂ ಹೆಸರು. ಕಟ್ಟೆಯಿಂದ ಹೊರಟ ಕಾಲುವೆಗಳ ನೀರು ಸುತ್ತಲ ಸೀಮೆಯನ್ನು ಭತ್ತದ ಕಣಜ ಮಾಡಿದೆ. ಕಬ್ಬೂ ಉಂಟು, ರಾಮನ ಹೆಸರಿನ ಸಹಕಾರಿ ಸಕ್ಕರೆ ಕಾರ್ಖಾನೆಯೂ ಈ ಊರಿನದೇ.

ದಂಡೆಯ ಮೇಲಿನ ಕೋದಂಡರಾಮನ ಗುಡಿಯಲ್ಲಿ ಎರಡು ವಿಶೇಷ. ಸೀತೆ ಇಲ್ಲಿ ರಾಮನ ಬಲಗಡೆ ನಿಂತಿದ್ದಾಳೆ. ಹೊರಗೆ ಭೋರ್ಗರೆಯುವ ನೀರಿನ ಸದ್ದು ಗರ್ಭಗುಡಿಯೊಳಗೆ ಕೇಳಿಸುವುದಿಲ್ಲ ಎನ್ನುತ್ತಾರೆ. ‘ದಪ್ಪ ಕಲ್ಲಿನ ಗೋಡೆ, ಕಿರಿದಾದ ಬಾಗಿಲು, ಶಬ್ದದ ಅಲೆ ಒಳಗೆ ಬರುವುದು ಕಷ್ಟ’ ಎಂದು ನಾನು ಪಾಠ ಶುರು ಮಾಡಿದೆ. ‘ಅಪ್ಪಾ, ಒಂದು ನಿಮಿಷ ಸುಮ್ಮನಿದ್ದು ಕೇಳೋಣ’ ಎಂದಳು ಮಗಳು. ನಿಜ, ನಿಶ್ಶಬ್ದವಾಗಿತ್ತು.

ವನವಾಸದ ರಾಮ, ಸೀತೆ, ಲಕ್ಷ್ಮಣರನ್ನು ಇಲ್ಲಿ ಆದರಿಸಿದವರು ಚುಂಚ ಮತ್ತು ಚುಂಚಿ ಎಂಬ ಕಾಡಿನ ದಂಪತಿ, ಅವರಿಂದಲೇ ಊರಿಗೆ ಈ ಹೆಸರು ಎಂಬುದು ಸ್ಥಳಪುರಾಣ. ಬಂದವರಿಗೆ ಉಣಬಡಿಸುವ ಗುಣ ಊರಿನ ಹೆಸರಿನಲ್ಲೇ ಇದೆ ಎನ್ನಬಹುದು. ಅದರ ಅನುಭವವೂ ನಮಗೆ ಆ ಮಧ್ಯಾಹ್ನವೇ ಆಯಿತು.

‘ಸ್ವಲ್ಪ ಅಂದ್ರೆ ಅಳತೆ ಅಲ್ಲ’

ಜಾತ್ರೆಯ ಬಯಲಿನಲ್ಲಿ ಈಗ ಗೋಬಿ ಮಂಚೂರಿ ಗಾಡಿಗಳಿವೆ, ಬಣ್ಣದ ನೀರಿನ ಬಾಟಲಿಗಳಿವೆ. ಎತ್ತುಗಳನ್ನು ಲಾರಿ, ಟೆಂಪೋಗಳಲ್ಲಿ ತರುತ್ತಾರೆ. ಆದರೂ ಮರದ ಬುಡದಲ್ಲಿ ಮೂರು ಕಲ್ಲಿನ ಒಲೆ ಹೂಡಿದವರು ಇನ್ನೂ ಇದ್ದಾರೆ. ಎಪ್ಪತ್ತು ದಾಟಿದ ರೈತರೊಬ್ಬರು ಹುರುಳಿ ಬೇಯಿಸಿ ಕಟ್ಟು ಬಸಿಯುತ್ತಿದ್ದರು. ನಾವು ನಿಂತು ನೋಡುವುದನ್ನು ಕಂಡು ಮಾತಿಗೆಳೆದರು. ನನ್ನ ಕೆಲಸ ತಿಳಿದ ಮೇಲಂತೂ ಬಿಡಲಿಲ್ಲ.

‘ಕೂತ್ಕಳಿ ಮೇಷ್ಟ್ರೇ, ಒಂದು ತುತ್ತು ಹಿಟ್ಟು ತಿನ್ಕಂಡು ಹೋಗಿ. ನೀನೂ ಬಾರವ್ವ’ ಎಂದರು. ಲೋಟದಲ್ಲಿ ಹಿಟ್ಟು ಅಳೆಯುತ್ತ ಮಗಳನ್ನು ಕೇಳಿದರು, ‘ನಿಂಗೆಷ್ಟವ್ವ?’

‘ಸ್ವಲ್ಪ ಸಾಕು ತಾತ.’

‘ಸ್ವಲ್ಪ ಅಂದ್ರೆ ಅಳತೆ ಅಲ್ಲ ಕಣವ್ವ. ಅರ್ಧ ಮುದ್ದೆನೋ ಒಂದು ಮುದ್ದೆನೋ ಹೇಳು, ಹಿಟ್ಟು ಹಾಕ್ಬೇಕು.’

ಅವಳು ನನ್ನ ಮುಖ ನೋಡಿದಳು. ನಾನು ನದಿಯ ಕಡೆ ನೋಡಿದೆ. ಸ್ವಲ್ಪ ಹೊತ್ತಾದ ಮೇಲೆ ‘ಒಂದು’ ಎಂದಳು. ಕಟ್ಟಿನ ಸಾರು, ಬೆಂದ ಹುರುಳಿ, ಬೆಳ್ಳುಳ್ಳಿ ಖಾರದ ಜೊತೆ ಆ ಒಂದು ಮುದ್ದೆಯನ್ನು ಪೂರ್ತಿ ಉಂಡಳು. ಎರಡು ತಿಂಗಳ ಮೇಲೆ ನಾನು ಕಂಡ ಅವಳ ಮೊದಲ ತುಂಬಿದ ಊಟ ಅದು.

ಆಮೇಲೆ ನೀರಿನ ಸದ್ದು ಕೇಳುವ ಕಡೆ ಕೂತೆವು. ಗೌರಿ ಹಬ್ಬದ ದಿನ ಹಾಗೆ ಅಂದದ್ದು ತಪ್ಪು ಕಣಮ್ಮ ಎಂದೆ. ‘ಸರಿ ಬಿಡಿ’ ಎಂದಳು. ಸ್ವಲ್ಪ ಹೊತ್ತು ಬಿಟ್ಟು, ‘ನೀವೂ ಅಳತೆ ಹೇಳ್ಬೇಕು ಆದ್ರೆ’ ಎಂದಳು. ಒಪ್ಪಂದ ಆಯಿತು.

ಭಾನುವಾರದ ಎರಡು ಗಂಟೆ

ಮನೆಗೆ ಬಂದು ಅಜ್ಜಿಯ ಪದ್ಧತಿಯನ್ನೇ ಇಂದಿನ ಅಡಿಗೆಮನೆಗೆ ತಂದೆವು. ಅದರ ಗುಟ್ಟು ಸರಳ. ಹಸಿದಾಗ ಯಾರೂ ಅಳೆಯುವುದಿಲ್ಲ, ಕೈಗೆ ಸಿಕ್ಕಿದ್ದನ್ನು ತಿನ್ನುತ್ತಾರೆ. ಅಳತೆಯನ್ನು ಹಸಿವು ಬರುವ ಮೊದಲೇ ಮಾಡಿಡಬೇಕು. ಒಣಗಿದ್ದು ವಾರಕ್ಕೆ, ಹಸಿಯದು ಎರಡು ಮೂರು ದಿನಕ್ಕೆ, ಬೆಂದದ್ದು ಆದಷ್ಟೂ ಆ ದಿನಕ್ಕೆ.

ಭಾನುವಾರ ಬೆಳಿಗ್ಗೆ ಕಾಲು ಕಿಲೋ ಹುರುಳಿ ನೆನೆಹಾಕಿ, ರಾತ್ರಿ ನೀರು ಬಸಿದು ಬಟ್ಟೆಯಲ್ಲಿ ಕಟ್ಟಿದರೆ ಮಂಗಳವಾರಕ್ಕೆ ಮೊಳಕೆ. ಫ್ರಿಜ್ಜಿನಲ್ಲಿ ಎರಡು ಮೂರು ದಿನ ಇರುತ್ತದೆ. ತೊಳೆದು ಬೇಯಿಸಿಯೇ ತಿನ್ನಬೇಕು. ವಾರಕ್ಕಾಗುವಷ್ಟು ಹುಚ್ಚೆಳ್ಳು ಅಥವಾ ಅಗಸೆ ಪುಡಿ ಹುರಿದು ಕುಟ್ಟಿಡುವುದು. ಹುರುಳಿಕಾಯಿ, ಗಜ್ಜರಿ, ಎಲೆಕೋಸು ಹೆಚ್ಚಿ ಒಣ ಡಬ್ಬಗಳಲ್ಲಿ, ಸೊಪ್ಪು ಬಿಡಿಸಿ ತೇವ ಆರಿಸಿ ಬಟ್ಟೆಯಲ್ಲಿ ಸುತ್ತಿಡುವುದು. ತರಕಾರಿ ಕೆಲಸ ಮತ್ತೆ ಬುಧವಾರ ಸಂಜೆ ಅರ್ಧ ಗಂಟೆ. ತೆಂಗಿನಕಾಯಿ ರುಬ್ಬಿದ್ದನ್ನು ಇಡುವುದಿಲ್ಲ, ಬೇಗ ಹಳಸುತ್ತದೆ. ಅನ್ನ ಉಳಿದರೆ ಬೇಗ ಆರಿಸಿ ಫ್ರಿಜ್ಜಿಗೆ. ಗಂಟೆಗಟ್ಟಲೆ ಹೊರಗಿಟ್ಟ ಅನ್ನದಲ್ಲಿ ಬೆಳೆಯುವ ಕೆಲವು ಬ್ಯಾಕ್ಟೀರಿಯಾಗಳ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಇಷ್ಟು ಸಿದ್ಧವಿದ್ದರೆ ದಿನದ ಅಡಿಗೆ ಅರ್ಧ ಗಂಟೆಯ ಮಾತು: ಸೊಪ್ಪು ಕಾಳು ಬೇಯಲು ಇಟ್ಟು, ಬಸಿದ ನೀರಿನಲ್ಲಿ ಬಸ್ಸಾರು, ಬೆಂದದ್ದಕ್ಕೆ ಒಗ್ಗರಣೆ ಹಾಕಿ ಪಲ್ಯ.

ಇನ್ನು ಎಣ್ಣೆ. ಒಬ್ಬರಿಗೆ ದಿನಕ್ಕೆ ನಾಲ್ಕು ಟೀ ಚಮಚದಂತೆ ಮೂವರಿಗೆ ವಾರಕ್ಕೆ 420 ಮಿಲಿಲೀಟರ್. ಅಷ್ಟನ್ನು ಭಾನುವಾರ ಒಂದು ಸೀಸೆಗೆ ಹಾಕಿ ಒಲೆಯ ಪಕ್ಕ ಇಡುತ್ತೇವೆ. ಬೋಂಡ ಬೇಕೆನಿಸಿದರೆ ಕರಿಯಬಹುದು. ಆದರೆ ಸೀಸೆ ಶನಿವಾರದವರೆಗೆ ಬರಬೇಕು!

ಲೆಕ್ಕ ಮಾಡಿ ನೋಡೋಣ

ರಾಗಿ ತಿಂದರೆ ತೂಕ ತಾನಾಗಿ ಇಳಿಯುತ್ತದೆ ಎಂಬ ನಂಬಿಕೆಯಿದೆ. ವಿದ್ಯಾರ್ಥಿಗಳು ಗಮನಿಸಬೇಕು: ನೂರು ಗ್ರಾಂ ರಾಗಿಯಲ್ಲಿ ಸುಮಾರು 320 ಕ್ಯಾಲರಿ, ನೂರು ಗ್ರಾಂ ಅಕ್ಕಿಯಲ್ಲಿ ಸುಮಾರು 350. ದೊಡ್ಡ ವ್ಯತ್ಯಾಸವೇನಿಲ್ಲ. ವ್ಯತ್ಯಾಸ ಇರುವುದು ನಾರಿನಲ್ಲಿ. ರಾಗಿಯಲ್ಲಿ ಅದು ಹತ್ತು ಗ್ರಾಂ ಮೀರುತ್ತದೆ, ಪಾಲಿಶ್ ಅಕ್ಕಿಯಲ್ಲಿ ಮೂರರೊಳಗೆ. ಕ್ಯಾಲ್ಸಿಯಂ ರಾಗಿಯಲ್ಲಿ 350 ಮಿಲಿಗ್ರಾಂ ಆಸುಪಾಸು, ಅಕ್ಕಿಯಲ್ಲಿ ಹತ್ತರಷ್ಟು. ನಾರು ಇದ್ದ ಊಟ ಹೊಟ್ಟೆಯಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ. ಆದರೆ ಮೂರು ಮುದ್ದೆ ಉಂಡು ಕುರ್ಚಿಯಲ್ಲಿ ಕೂತರೆ ರಾಗಿಯೂ ಕೊಬ್ಬೇ ಆಗುತ್ತದೆ. ಭತ್ತದ ಸೀಮೆಯವರು ಅನ್ನ ಬಿಡಬೇಕಾಗಿಲ್ಲ, ಅಳೆದರೆ ಸಾಕು.

ನನ್ನ ಈಗಿನ ಮಧ್ಯಾಹ್ನದ ಊಟ: 80 ಗ್ರಾಂ ಹಿಟ್ಟಿನ ಮುದ್ದೆ 255 ಕ್ಯಾಲರಿ, 30 ಗ್ರಾಂ ಹುರುಳಿ 100, ಬಟ್ಟಲು ತುಂಬ ಸೊಪ್ಪು ತರಕಾರಿ 70, ಒಂದು ಚಮಚ ಎಣ್ಣೆ 45, ನೀರು ಮಜ್ಜಿಗೆ ಸೇರಿ ಐನೂರರ ಒಳಗೆ. ಹಿಂದೆ ಅನ್ನಕ್ಕೆ ಹಾಕುತ್ತಿದ್ದ ಅಕ್ಕಿಯೊಂದೇ 150 ಗ್ರಾಂ, ಅಂದರೆ 525. ಮೇಲೆ ಸಾರು, ಹಪ್ಪಳ, ಉಪ್ಪಿನಕಾಯಿ.

ಸ್ಟಾಫ್ ರೂಮಿನ ಟೀ ಇನ್ನೊಂದು ಲೆಕ್ಕ. ದಿನಕ್ಕೆ ನಾಲ್ಕು, ತಲಾ ಎರಡು ಚಮಚ ಸಕ್ಕರೆ: 40 ಗ್ರಾಂ, 160 ಕ್ಯಾಲರಿ. ವರ್ಷಕ್ಕೆ 58,400. ಒಂದು ಕಿಲೋ ದೇಹದ ಕೊಬ್ಬಿಗೆ ಸುಮಾರು 7,700 ಕ್ಯಾಲರಿ ಎಂದರೆ, ಕಾಗದದ ಮೇಲೆ ಏಳೂವರೆ ಕಿಲೋ! ದೇಹ ಕಾಗದದ ಲೆಕ್ಕದಂತೆ ನಡೆಯುವುದಿಲ್ಲ, ನಿಜ. ಆದರೂ ನಾನು ಎರಡು ಟೀ ಬಿಟ್ಟೆ, ಉಳಿದೆರಡಕ್ಕೆ ಒಂದೊಂದೇ ಚಮಚ.

ನಾಲ್ಕು ತಿಂಗಳಲ್ಲಿ ನನ್ನ ತೂಕ 78ರಿಂದ 73ಕ್ಕೆ ಬಂದಿದೆ. ಸಂಜೆಯ ಮುಕ್ಕಾಲು ಗಂಟೆ ನಡಿಗೆಯದೂ ಅದರಲ್ಲಿ ಪಾಲಿದೆ. ವಾರಕ್ಕೆ ಅರ್ಧ ಕಿಲೋಗಿಂತ ಬೇಗ ಇಳಿಸುವ ಆತುರ ನನಗಿಲ್ಲ. ಸಕ್ಕರೆ ಕಾಯಿಲೆ, ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುವವರು ಊಟ ಬದಲಿಸುವ ಮೊದಲು ವೈದ್ಯರನ್ನು ಕೇಳಲೇಬೇಕು. ಬೆಳೆಯುವ ಮಕ್ಕಳಂತೂ ತಾವಾಗಿಯೇ ಊಟ ಬಿಟ್ಟು ತೂಕ ಇಳಿಸುವ ಗೋಜಿಗೆ ಹೋಗಬಾರದು. ಎಲುಬು ಗಟ್ಟಿಯಾಗುವ, ರಕ್ತ ಹೆಚ್ಚಬೇಕಾದ ವಯಸ್ಸು ಅದು. ತಂದೆ ತಾಯಂದಿರಲ್ಲಿ ನನ್ನದೊಂದು ವಿನಂತಿ: ಮಕ್ಕಳ ಮೈಯ ಬಗ್ಗೆ ಊಟದ ಎಲೆಯ ಮುಂದೆ ಹಾಸ್ಯ ಬೇಡ. ನಾವು ಮರೆಯುತ್ತೇವೆ, ಅವರು ಮರೆಯುವುದಿಲ್ಲ.

ಮಗಳ ತೂಕ ನಾನು ಕೇಳುವುದಿಲ್ಲ. ಹಾಸ್ಟೆಲಿಗೆ ಹೋಗುವಾಗ ಅವಳ ಚೀಲದಲ್ಲಿ ಏಳು ಸಣ್ಣ ಪೊಟ್ಟಣಗಳಿರುತ್ತವೆ. ಹುರಿಗಡಲೆ, ಕಡಲೆಕಾಯಿ ಬೀಜ, ಚೂರು ಬೆಲ್ಲ. ದಿನಕ್ಕೊಂದು. ಭಾನುವಾರ ಬಂದಾಗ ಖಾಲಿ ಚೀಲವನ್ನು ಅಡಿಗೆಮನೆಯ ಮೊಳೆಗೆ ನೇತುಹಾಕುತ್ತಾಳೆ.

ಚುಂಚನಕಟ್ಟೆಗೆ ಹೋಗಲು ಮೈಸೂರಿನಿಂದ ಕೃಷ್ಣರಾಜನಗರದವರೆಗೆ ರೈಲು, ಬಸ್ಸು ಎರಡೂ ಉಂಟು, ಮುಂದೆ ಬಸ್ಸು. ಜಲಪಾತದ ಸೊಬಗು ನೋಡಬೇಕಾದರೆ ಜುಲೈನಿಂದ ಸೆಪ್ಟೆಂಬರ್, ಜಾತ್ರೆ ನೋಡಬೇಕಾದರೆ ಜನವರಿ. ಬಂಡೆಗಳು ಜಾರುತ್ತವೆ, ಮಡುಗಳು ಆಳ. ಮಕ್ಕಳನ್ನು ನೀರಿಗೆ ಇಳಿಯಲು ಬಿಡಬೇಡಿ. ಬುತ್ತಿಯನ್ನು ಮನೆಯಿಂದಲೇ ಕಟ್ಟಿಕೊಂಡು ಹೋಗಿ. ಎಷ್ಟು ಎಂದು ಮಕ್ಕಳನ್ನೂ ಕೇಳಿ ಕಟ್ಟಿ.