ಹೃದ್ರೋಗ, ಆಹಾರ ಮತ್ತು ಶ್ರಾವಕನ ಸಂದಿಗ್ಧ

2025ರ ಮೇ, ಜೂನ್ ತಿಂಗಳುಗಳಲ್ಲಿ ಹಾಸನ ಜಿಲ್ಲೆಯಿಂದ ಒಂದರ ಹಿಂದೊಂದಾಗಿ ಹೃದಯಾಘಾತದ ಸಾವಿನ ವಾರ್ತೆಗಳು ಬಂದಾಗ, ಅರಕಲಗೂಡು ಸೀಮೆಯ ಮಲ್ಲಿಪಟ್ಟಣದಿಂದ ಚನ್ನರಾಯಪಟ್ಟಣದವರೆಗೆ ಮನೆಮನೆಯಲ್ಲೂ ಭೀತಿ ಆವರಿಸಿತು. ಜಯದೇವ ಹೃದ್ರೋಗ ಸಂಸ್ಥೆಯ ಡಾ. ಕೆ. ಎಸ್. ರವೀಂದ್ರನಾಥ್ ಅವರ ನೇತೃತ್ವದ ತಜ್ಞ ಸಮಿತಿಯು 24 ಸಾವುಗಳನ್ನು ಪರಿಶೀಲಿಸಿ, ನಾಲ್ಕು ಹೃದ್ರೋಗದಿಂದ ಆದವಲ್ಲವೆಂದೂ ಉಳಿದವುಗಳಿಗೆ ಯಾವುದೋ ಒಂದೇ ಹೊಸ ಕಾರಣವಿಲ್ಲವೆಂದೂ ತಿಳಿಸಿತು. ರಕ್ತದೊತ್ತಡ, ಮಧುಮೇಹ, ತಂಬಾಕು, ಮದ್ಯ, ಸ್ಥೂಲಕಾಯ, ವಂಶದ ಹಿನ್ನೆಲೆ: ಹಳೆಯ ವೈರಿಗಳೇ.

ಮದ್ಯಮಾಂಸಗಳನ್ನು ತ್ಯಜಿಸಿದವರಿಗೆ ಈ ರೋಗದ ಭಯವಿಲ್ಲವೆಂಬ ನಂಬಿಕೆ ಜೈನ ಕುಟುಂಬಗಳಲ್ಲಿ ಬಲವಾಗಿದೆ. ಅದು ಅರ್ಧಸತ್ಯ. ಪೂಜೆ, ವಿಧಾನಗಳ ದಿನ ಬಡಿಸುವ ತುಪ್ಪದ ಸಿಹಿ, ಮರಳಿ ಕಾಯಿಸಿದ ಎಣ್ಣೆಯ ಕರಿದ ಪದಾರ್ಥ, ಉಪ್ಪಿನಕಾಯಿ, ಹಪ್ಪಳ, ಬಿಳಿಯ ಅನ್ನದ ರಾಶಿ ಇವು ಸಸ್ಯಾಹಾರವೇ ಆದರೂ ಹೃದಯಕ್ಕೆ ಮಿತ್ರರಲ್ಲ. ಹೊಟ್ಟೆ ತುಂಬುವ ಮುನ್ನ ಕೈತೊಳೆಯುವ ಅವಮೌದರ್ಯವನ್ನು ತಪಸ್ಸೆಂದು ಎಣಿಸಿದ ಪರಂಪರೆಯಲ್ಲಿ ಬಸದಿಯ ಪಾಕಶಾಲೆಯೇ ಅತಿಯಾಗಿ ಉಣಿಸುವುದು ವಿಚಿತ್ರ. ಹುರುಳಿ, ಅವರೆ, ರಾಗಿ, ಸೊಪ್ಪುಗಳು ಈ ನೆಲದಲ್ಲೇ ಬೆಳೆಯುತ್ತವೆ; ಅನ್ನದಾನದ ಎಲೆಯಲ್ಲಿ ಅವುಗಳಿಗೇಕೆ ಸ್ಥಾನವಿರಬಾರದು?

ಇದಕ್ಕಿಂತ ಕಠಿಣವಾದ ಪ್ರಶ್ನೆ ಚಿಕಿತ್ಸೆಯದು. ಹೃದಯದ ರಕ್ತನಾಳವು ಹೆಪ್ಪುಗಟ್ಟಿದ ರಕ್ತದಿಂದ ಮುಚ್ಚಿದಾಗ ಸ್ನಾಯು ನಿಮಿಷ ನಿಮಿಷಕ್ಕೂ ಸಾಯುತ್ತದೆ. ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಇ.ಸಿ.ಜಿ. ನೋಡಿ, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ನೀಡುವ ವ್ಯವಸ್ಥೆಯಿದೆ. ಎದೆನೋವನ್ನು ವಾಯುವೆಂದು ಭಾವಿಸಿ ಜೀರಿಗೆ ಕಷಾಯ ಕುಡಿಯುತ್ತ ಕೂರುವವರು ಕಳೆದುಕೊಳ್ಳುವುದು ಈ ಅಮೂಲ್ಯ ವೇಳೆಯನ್ನೇ.

ಆದರೆ ಆ ವೇಳೆಯಲ್ಲಿ ಬಳಸುವ ಹೆಪಾರಿನ್ ಎಂಬ ಔಷಧವನ್ನು ಬಹುತೇಕ ಹಂದಿಯ ಕರುಳಿನಿಂದ ತಯಾರಿಸುತ್ತಾರೆ. ಅಹಿಂಸಾ ವ್ರತಿಯ ಮನೆಯವರು ಇದನ್ನು ತಿಳಿಯದಿರುವುದೂ ಸರಿಯಲ್ಲ, ತಿಳಿದು ತುರ್ತು ಕೊಠಡಿಯ ಬಾಗಿಲಲ್ಲಿ ವಾದಕ್ಕೆ ನಿಲ್ಲುವುದೂ ಸರಿಯಲ್ಲ. ಸಂಶ್ಲೇಷಿತವಾದ ಫೊಂಡಾಪರಿನಕ್ಸ್ ಕೆಲವು ರೋಗಿಗಳಿಗೆ ಒದಗುತ್ತದೆ. ಎಲ್ಲರಿಗೂ ಅಲ್ಲ, ಎಲ್ಲ ಸಂದರ್ಭಕ್ಕೂ ಅಲ್ಲ. ಕವಾಟ ಬದಲಿಸುವಾಗ ಹಸು ಅಥವಾ ಹಂದಿಯ ಅಂಗಾಂಶದ ಕವಾಟಕ್ಕೆ ಪ್ರತಿಯಾಗಿ ಯಾಂತ್ರಿಕ ಕವಾಟವಿದೆ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯು ಅಂಥದೊಂದನ್ನು ನಮ್ಮ ದೇಶದಲ್ಲೇ ರೂಪಿಸಿದೆ. ಅದನ್ನು ಧರಿಸಿದವರು ಜೀವನಪರ್ಯಂತ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ಸೇವಿಸಬೇಕು.

ಉಪವಾಸದ ದಿನಗಳಲ್ಲಿ ಮಾತ್ರೆಗಳನ್ನೇ ಬಿಡುವ ಹಿರಿಯರೂ ಇದ್ದಾರೆ. ಸ್ಟೆಂಟ್ ಅಳವಡಿಸಿಕೊಂಡವರು ಹೆಪ್ಪುತಡೆ ಮಾತ್ರೆಯನ್ನು ತಾವಾಗಿ ನಿಲ್ಲಿಸಿದರೆ ಆ ನಾಳವೇ ಮತ್ತೆ ಮುಚ್ಚಬಹುದು. ರಾತ್ರಿಭೋಜನ ತ್ಯಾಗಿಗಳಿಗೆ ಹಲವು ಮಾತ್ರೆಗಳ ವೇಳೆಯನ್ನು ಹಗಲಿಗೆ ಹೊಂದಿಸಲು ಸಾಧ್ಯ. ಪರ್ಯುಷಣಕ್ಕೆ ಒಂದು ತಿಂಗಳು ಮೊದಲೇ ವೈದ್ಯರನ್ನು ಕಂಡು ಅದನ್ನು ಬರೆಸಿಕೊಳ್ಳಬಹುದು.